ಐಆರ್ ಥಿಯರಿ ಮತ್ತು ನಮ್ಮ ಕಾಫಿ ತೋಟ

ನಿಮ್ಮ ಪ್ರಶ್ನೆ ಇದು: ಹಾಸನದಲ್ಲಿ ಪೊಲಿಟಿಕಲ್ ಸೈನ್ಸ್ ಎಂಎ ಓದುತ್ತಿದ್ದೀರಿ, ಅಂತರರಾಷ್ಟ್ರೀಯ ಸಂಬಂಧಗಳ (ಇಂಟರ್‌ನ್ಯಾಷನಲ್ ರಿಲೇಷನ್ಸ್, ಅಂದರೆ ಐಆರ್) ಥಿಯರಿಯೆಲ್ಲ ಅಮೆರಿಕದವರದ್ದೇ ಅನ್ನಿಸುತ್ತಿದೆ, ಯಾರನ್ನು ಓದಿದರೆ ನಮ್ಮ ಕಡೆಯ ವಿಷಯದ ಮೇಲೆ ಪ್ರಬಂಧ ಬರೆಯಬಹುದು?

ನಾನು ಚಿಕ್ಕಮಗಳೂರಿನವನು. ಇದೇ ವಿಷಯ ಪಾಠ ಮಾಡುತ್ತೇನೆ, ಮನೆಯಲ್ಲಿ ಸ್ವಲ್ಪ ತೋಟವೂ ಇದೆ. ಹಾಗಾಗಿ ಉತ್ತರ ಕಾಫಿ ಕಡೆಗೇ ವಾಲುತ್ತದೆ. ರಿಯಲಿಸಂ, ಲಿಬರಲಿಸಂ ಅಂತ ಇಸಂಗಳ ಪಟ್ಟಿ ಬಾಯಿಪಾಠ ಮಾಡುವುದನ್ನು ಸದ್ಯಕ್ಕೆ ಬಿಡಿ. ಒಂದು ಘಟನೆ ಹಿಡಿದುಕೊಂಡು ಅದರ ಮೇಲೆ ಥಿಯರಿಗಳನ್ನು ಜಗಳಕ್ಕೆ ಬಿಡಿ.

1962ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಆಯಿತು. ರೇಟು ಬೀಳಬಾರದು ಅಂತ, ಬೆಳೆಯುವ ದೇಶಗಳಿಗೆ ರಫ್ತಿನ ಕೋಟಾ ಹಾಕಿದರು. ವಿಚಿತ್ರ ಅಂದರೆ, ಎಲ್ಲರಿಗಿಂತ ಜಾಸ್ತಿ ಕಾಫಿ ಕೊಳ್ಳುತ್ತಿದ್ದ ಅಮೆರಿಕವೂ ಸಹಿ ಹಾಕಿತು. ದುಬಾರಿ ಕಾಫಿ ಕುಡಿಯೋಕೆ ತಾನಾಗೇ ಒಪ್ಪಿದ್ದು ಯಾಕೆ? ದೇಶಗಳು ನೋಡುವುದು ತಮ್ಮ ಬಲ, ಭದ್ರತೆಯನ್ನೇ ಅನ್ನುವ ರಿಯಲಿಸ್ಟರ ಉತ್ತರ: ಕ್ಯೂಬಾ ಕೈತಪ್ಪಿದ ಮೇಲೆ, ಲ್ಯಾಟಿನ್ ಅಮೆರಿಕದ ಬೆಳೆಗಾರರು ದಿವಾಳಿಯೆದ್ದು ಕಮ್ಯುನಿಸ್ಟರ ಕಡೆ ಹೋದರೆ ಅನ್ನುವ ಭಯ. ಇನ್ನೊಂದು ಕಡೆ ಅಮೆರಿಕದ ಐಆರ್ ವಿದ್ವಾಂಸ ರಾಬರ್ಟ್ ಕೋಹೇನ್ 1984ರಲ್ಲಿ ವಾದಿಸಿದರು: ನಿಯಮ, ಸಂಸ್ಥೆಗಳನ್ನು ಒಮ್ಮೆ ಕಟ್ಟಿಕೊಂಡರೆ, ಕಟ್ಟಿದ ಬಲಾಢ್ಯ ದೇಶ ಸೊರಗಿದರೂ ಅವು ಉಳಿಯಬಹುದು.

1989ರ ಜುಲೈನಲ್ಲಿ ಕೋಟಾ ಮುರಿದುಬಿತ್ತು, ರೇಟು ಕುಸಿಯಿತು. ಶೀತಲ ಸಮರವೂ ಮುಗಿಯುತ್ತಾ ಬಂದಿತ್ತು. ರಿಯಲಿಸ್ಟರೇ ಗೆದ್ದರು ಅನ್ನಿಸುತ್ತದೆ, ಅಲ್ವಾ? ಆದರೆ ಆ ಒಪ್ಪಂದ ನಡೆಸಲು ಹುಟ್ಟಿದ ಅಂತರರಾಷ್ಟ್ರೀಯ ಕಾಫಿ ಸಂಸ್ಥೆ ಲಂಡನ್‌ನಲ್ಲಿ ಇವತ್ತಿಗೂ ಇದೆ, ಕೋಟಾ ಮಾತ್ರ ಇಲ್ಲ. ಅಮೆರಿಕದ ರಾಜ್ಯಶಾಸ್ತ್ರಜ್ಞ ರಾಬರ್ಟ್ ಬೇಟ್ಸ್ ಇದೇ ಒಪ್ಪಂದದ ಮೇಲೆ 1997ರಲ್ಲಿ ಒಂದು ಇಡೀ ಪುಸ್ತಕ ಬರೆದರು. ಬ್ರೆಜಿಲ್, ಕೊಲಂಬಿಯಾದ ಒಳರಾಜಕೀಯ, ಅಮೆರಿಕದ ಕಾಫಿ ಕಂಪನಿಗಳ ಲೆಕ್ಕಾಚಾರ ಎಲ್ಲ ಅದರಲ್ಲಿದೆ. ನನ್ನನ್ನು ಕೇಳಿದರೆ ಮೊದಲು ಅದನ್ನೇ ಓದಿ.

ಈ ಕಥೆಯ ನಮ್ಮ ಭಾಗ ಬೇರೆ. ಸೋವಿಯತ್ ಒಕ್ಕೂಟ ಒಪ್ಪಂದದ ಹೊರಗಿತ್ತು, ಅಲ್ಲಿಗೆ ನಾವು ರೂಪಾಯಿ ಲೆಕ್ಕದಲ್ಲೇ ಕಾಫಿ ಮಾರುತ್ತಿದ್ದೆವು. 1991ರಲ್ಲಿ ಆ ದೇಶವೇ ಇಲ್ಲವಾಯಿತು. ಕಾಫಿ ಬೋರ್ಡಿನ ಪೂಲ್, ಅಂದರೆ ಬೆಳೆಗಾರರೆಲ್ಲ ಕಾಫಿಯನ್ನು ಬೋರ್ಡಿಗೇ ಕೊಟ್ಟು ಅದೇ ಮಾರುವ ಪದ್ಧತಿ, 1992ರಿಂದ ಸಡಿಲವಾಗಿ 1996ಕ್ಕೆ ಪೂರ್ತಿ ಹೋಯಿತು. ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ (ಫ್ರಾಸ್ಟ್) ಬಿದ್ದು ಬೆಳೆ ಹಾಳಾಗಿ ರೇಟು ಏರಿದ್ದನ್ನು ಮೂಡಿಗೆರೆ ಕಡೆ ಹಿರಿಯರು ಇನ್ನೂ ಹೇಳುತ್ತಾರೆ. ಇದನ್ನು ಐಆರ್ ಕಣ್ಣಿನಿಂದ ನೋಡಿ ಬರೆದದ್ದು ನನಗೆ ಸಿಕ್ಕಿರುವುದು ತೀರಾ ಕಡಿಮೆ. ಒಡಿಶಾ ಮೂಲದ ಐಆರ್ ವಿದ್ವಾಂಸ ಅಮಿತಾವ್ ಆಚಾರ್ಯ ‘ಗ್ಲೋಬಲ್ ಐಆರ್’ (ಪಶ್ಚಿಮದ ಆಚೆಯ ಅನುಭವವನ್ನೂ ಒಳಗೊಳ್ಳುವ ಐಆರ್) ಅಂತ 2014ರಿಂದ ಕೇಳುತ್ತಿರುವುದು ಇಂಥ ಕೆಲಸವನ್ನೇ. ನಮ್ಮಲ್ಲಿ ಅದಕ್ಕೆ ಸುಮ್ನೆ ಕೌಟಿಲ್ಯನ ಹೆಸರು ಹೇಳಿ ಕೈತೊಳೆದುಕೊಳ್ಳುವವರೇ ಜಾಸ್ತಿ.

ಈಗಿನ ವಿಷಯವೇ ಬೇಕು ಅಂದರೆ ಯುರೋಪಿಯನ್ ಒಕ್ಕೂಟದ 2023ರ ಅರಣ್ಯನಾಶ ತಡೆ ಕಾನೂನು ತೆಗೆದುಕೊಳ್ಳಿ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ತೋಟದ ಲೊಕೇಶನ್ ಕೊಡಬೇಕು. 4 ಹೆಕ್ಟೇರ್ ದಾಟಿದರೆ ಪೂರ್ತಿ ಗಡಿಯ ನಕ್ಷೆ. ಜಾರಿ ಎರಡು ಸಲ ಮುಂದೆ ಹೋಗಿದೆ. ಆದರೂ ಇಲ್ಲಿ ಜನ ಮೊಬೈಲ್ ಹಿಡಿದು ಬೇಲಿ ಸುತ್ತುತ್ತಿದ್ದಾರೆ. ಸಿಲ್ವರ್ ಓಕ್, ಹಲಸಿನ ನೆರಳಲ್ಲಿ ಜಿಪಿಎಸ್ ಚುಕ್ಕಿ ಪಕ್ಕದವರ ತೋಟಕ್ಕೆ ಹಾರುತ್ತದೆ, ಮತ್ತೆ ಮೊದಲಿಂದ ಸುತ್ತಬೇಕು. ಒಕ್ಕೂಟದ ಕೇಂದ್ರ ಬ್ರಸೆಲ್ಸ್‌ನಲ್ಲಿ ಬರೆದ ಸಾಲು ಕೊಟ್ಟಿಗೆಹಾರದ ಬೇಲಿವರೆಗೆ ಬಂದದ್ದು ಹೇಗೆ? ಕಾನೂನು ವಿದ್ವಾಂಸೆ ಅನು ಬ್ರಾಡ್‌ಫರ್ಡ್ ಇದಕ್ಕೆ ‘ಬ್ರಸೆಲ್ಸ್ ಇಫೆಕ್ಟ್’ ಅನ್ನುತ್ತಾರೆ: ಮಾರುಕಟ್ಟೆ ದೊಡ್ಡದಿದ್ದರೆ ಸೈನ್ಯ ಬೇಡ, ನಿಯಮವೇ ಸಾಕು. ನಮ್ಮ ಕಾಫಿಗೆ ಇಟಲಿಯೇ ದೊಡ್ಡ ಗಿರಾಕಿ, ಹಾಗಾಗಿ ವಾದ ಚೆನ್ನಾಗಿ ಕೂರುತ್ತದೆ.

ಆದರೆ ಈ ಸುತ್ತಾಟದ ಖರ್ಚು ಯಾರದ್ದು ಅನ್ನುವುದು ಬೇರೆ ಪ್ರಶ್ನೆ, ಅದು ರಾಜಕೀಯ ಸಿದ್ಧಾಂತದ್ದು. ಅದಕ್ಕೆ ಅಮೆರಿಕದ ರಾಜಕೀಯ ಚಿಂತಕಿ ಐರಿಸ್ ಮೇರಿಯನ್ ಯಂಗ್ ಓದಿ. ದೂರದ ಕಾರ್ಖಾನೆಯಲ್ಲಿ ಹೊಲಿದ ಬಟ್ಟೆ ಕೊಳ್ಳುವವರಿಗೂ ಅಲ್ಲಿನ ಅನ್ಯಾಯದಲ್ಲಿ ಜವಾಬ್ದಾರಿಯ ಪಾಲಿದೆ ಅಂತ ವಾದಿಸಿದವರು ಅವರು. ಬಟ್ಟೆಯ ಜಾಗಕ್ಕೆ ಕಾಫಿ ಇಟ್ಟು ನೋಡಿ.

ಪ್ರಬಂಧಕ್ಕೆ ಇವೆರಡರಲ್ಲಿ ಒಂದೇ ಸಾಕು. ಪೂಲ್ ಕಾಲದ್ದು ಆರಿಸಿಕೊಂಡರೆ ಸಕಲೇಶಪುರ ನಿಮಗೆ ಹತ್ತಿರ. ಅಲ್ಲಿನ ಹಳೇ ಬೆಳೆಗಾರರ ಮನೆಯಲ್ಲಿ ಬೋರ್ಡ್ ಕಾಲದ ಪೇಮೆಂಟ್ ಕಾಗದಗಳು ಇವೆಯಾ ಅಂತ ಮೊದಲು ವಿಚಾರಿಸಿ. ಪಿಕ್ಕಿಂಗ್ ಟೈಮಲ್ಲಿ ಮಾತ್ರ ಹೋಗಬೇಡಿ, ಯಾರಿಗೂ ಪುರುಸೊತ್ತಿರುವುದಿಲ್ಲ.