ಗಂಡಸರ ಮಫ್ಲರಿಗೆ ಸ್ವೆಟರಿನಂತಹ ನಯವಾದ ಹೆಣಿಗೆ ಆಗುತ್ತದೆಯೇ?

ನಿಟ್ ಮತ್ತು ಪರ್ಲ್ ಎಂಬ ಎರಡು ಮೂಲ ಹೆಣಿಗೆಗಳಷ್ಟೇ ಬರುತ್ತವೆ, ಚಳಿಗಾಲಕ್ಕೆ ಮೊದಲು ತಂದೆಯವರಿಗೆ ಒಂದು ಮಫ್ಲರ್ ಹೆಣೆದುಕೊಡಬೇಕು, ಗಂಡಸರಿಗೆ ಒಪ್ಪುವ ಸರಳ ವಿನ್ಯಾಸ ಯಾವುದು, ಸ್ವೆಟರಿನ ಮೈಯಂತೆ ನಯವಾಗಿ ಹೆಣೆದು ಅಂಚು ಸುರುಳಿಕೊಂಡರೆ ಕೊನೆಗೆ ಇಸ್ತ್ರಿ ಹಾಕಿದರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ಈ ಇಸ್ತ್ರಿಯ ಪ್ರಶ್ನೆಯನ್ನು ನಾನು ಯಾರನ್ನೂ ಕೇಳದೆ ನನಗೆ ನಾನೇ ಉತ್ತರಿಸಿಕೊಂಡಿದ್ದೆ. ಅದರ ಫಲವನ್ನು ನನ್ನ ಅಣ್ಣ ಕುತ್ತಿಗೆಗೆ ಸುತ್ತಿಕೊಳ್ಳಬೇಕಾಯಿತು.

ಅಣ್ಣನಿಗೆಂದು ಕಡುನೀಲಿ ಬಣ್ಣದ ಅಕ್ರಿಲಿಕ್ ದಾರ ತಂದಿದ್ದೆ. ಎಲ್ಲ ಸಾಲನ್ನೂ ನಿಟ್ ಮಾಡುವ ಗಾರ್ಟರ್ ಹೆಣಿಗೆ ಕಲಿಯುವವರ ಕೈಕೆಲಸದಂತೆ ಕಾಣುತ್ತದೆ ಎಂಬ ತಾತ್ಸಾರವಿದ್ದುದರಿಂದ, ಒಂದು ಸಾಲು ನಿಟ್, ಮರಳುವಾಗ ಒಂದು ಸಾಲು ಪರ್ಲ್ ಎಂಬ ಸ್ಟಾಕಿನೆಟ್ ಹೆಣಿಗೆಯನ್ನೇ ಆರಿಸಿಕೊಂಡೆ. ಕಡ್ಡಿಯ ಮೇಲಿರುವಷ್ಟು ಕಾಲ ಅದು ಅಚ್ಚುಕಟ್ಟಾಗಿಯೇ ಕಾಣುತ್ತಿತ್ತು, ಏಕೆಂದರೆ ಮೇಲಿನ ಸಾಲನ್ನು ಕಡ್ಡಿ ಅಗಲಕ್ಕೆ ಹಿಡಿದಿಟ್ಟಿರುತ್ತದೆ. ಕೆಳಗಿನ ಅಂಚು ಮುಂದಕ್ಕೆ ಮಡಚಿಕೊಳ್ಳುತ್ತಿದ್ದುದು ಕಣ್ಣಿಗೆ ಬಿದ್ದಿತ್ತಾದರೂ, ಉದ್ದ ಬೆಳೆದಂತೆ ಅದರ ಭಾರಕ್ಕೆ ತಾನಾಗಿ ನೆಟ್ಟಗಾಗುತ್ತದೆ ಎಂದುಕೊಂಡು ಮುಂದುವರಿಸಿದೆ. ಕೊನೆಯ ಸಾಲನ್ನು ಮುಚ್ಚಿ ಕಡ್ಡಿಯಿಂದ ತೆಗೆದೊಡನೆ ಅಷ್ಟುದ್ದದ ಮಫ್ಲರ್ ಎರಡೂ ಪಕ್ಕದಿಂದ ಚಾಪೆ ಸುತ್ತಿದ ಹಾಗೆ ಸುತ್ತಿಕೊಂಡಿತು. ನಾನು ಮುತುವರ್ಜಿಯಿಂದ ಹೆಣೆದ ನಯವಾದ ಮುಖ ಒಳಗೆ ಹೋಗಲಿಲ್ಲ, ಅದೊಂದೇ ಸಮಾಧಾನ. ಆದರೆ ಅಂಗೈ ಅಗಲದ ಬಟ್ಟೆ ಎರಡು ಬೆರಳಿನಷ್ಟು ದಪ್ಪದ ಕೊಳವೆಯಾಗಿತ್ತು.

ಈ ಸುರುಳಿ ಏಕೆ ಬರುತ್ತದೆ ಎಂಬುದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ, ಏಕೆಂದರೆ ಇದು ತಿಳಿಯದಿದ್ದರೆ ಯಾರ ಸಲಹೆಯೂ ನಿಮಗೆ ನೆರವಾಗುವುದಿಲ್ಲ. ನಿಟ್ ಮಾಡುವಾಗ ದಾರದ ಕುಣಿಕೆಯನ್ನು ಹಿಂದಿನಿಂದ ಮುಂದಕ್ಕೆ ಎಳೆಯುತ್ತೇವೆ, ಪರ್ಲ್ ಮಾಡುವಾಗ ಮುಂದಿನಿಂದ ಹಿಂದಕ್ಕೆ. ಸ್ಟಾಕಿನೆಟ್‌ನಲ್ಲಿ ಮರಳುವ ಸಾಲನ್ನು ಪರ್ಲ್ ಮಾಡುವುದರಿಂದ, ಮುಂಭಾಗದಿಂದ ನೋಡಿದರೆ ಬಟ್ಟೆಯ ಪ್ರತಿಯೊಂದು ಕುಣಿಕೆಯೂ ಒಂದೇ ದಿಕ್ಕಿಗೆ ಎಳೆದದ್ದಾಗಿರುತ್ತದೆ. ಬಾಗಿಸಿದ ದಾರಕ್ಕೆ ನೆಟ್ಟಗಾಗುವ ಹಟವಿರುತ್ತದೆ. ಎಲ್ಲ ಕುಣಿಕೆಗಳೂ ಒಂದೇ ಕಡೆಗೆ ತಳ್ಳುವಾಗ ಎದುರು ನಿಂತು ತಡೆಯುವವರಿಲ್ಲದೆ ಪಕ್ಕದ ಅಂಚುಗಳು ಹಿಂದಕ್ಕೂ, ಮೇಲಿನ ಮತ್ತು ಕೆಳಗಿನ ಅಂಚುಗಳು ಮುಂದಕ್ಕೂ ಸುತ್ತಿಕೊಳ್ಳುತ್ತವೆ. ಸ್ವೆಟರಿನಲ್ಲಿ ಇದು ಕಾಣುವುದಿಲ್ಲ, ಏಕೆಂದರೆ ಅಲ್ಲಿ ಪಕ್ಕದ ಅಂಚುಗಳು ಹೊಲಿಗೆಯಲ್ಲಿ ಸೇರಿಹೋಗುತ್ತವೆ, ಕೆಳಗೆ ನಿಟ್ ಪರ್ಲ್ ಪಕ್ಕಪಕ್ಕದಲ್ಲಿ ಬಂದು ಉದ್ದ ಗೆರೆಗಳು ಏಳುವ ರಿಬ್ ಪಟ್ಟಿ ಇರುತ್ತದೆ. ಮಫ್ಲರಿಗೆ ನಾಲ್ಕು ಅಂಚುಗಳೂ ಬಿಡಿಯೇ. ಸ್ವೆಟರಿಗೆ ಒಪ್ಪುವ ಬಟ್ಟೆ ಮಫ್ಲರಿಗೆ ಒಪ್ಪದಿರುವುದು ಇದೊಂದೇ ಕಾರಣಕ್ಕೆ.

ನಾನು ಇಸ್ತ್ರಿ ಹಾಕಿದೆ. ಒದ್ದೆ ಬಟ್ಟೆ ಹಾಸಿ, ಬಿಸಿಯಾಗಿಯೇ ಒತ್ತಿದೆ. ಅಂಚು ನಿಜವಾಗಿಯೂ ನೆಟ್ಟಗಾಯಿತು, ಜೊತೆಗೆ ಮಫ್ಲರಿನ ಜೀವವೂ ಹೋಯಿತು. ಅಕ್ರಿಲಿಕ್ ಎಂದರೆ ಒಂದು ಬಗೆಯ ಪ್ಲಾಸ್ಟಿಕ್. ಬಿಸಿ ತಾಗಿದರೆ ಎಳೆಗಳು ಮೆತ್ತಗಾಗಿ ಚಪ್ಪಟೆಯಾಗುತ್ತವೆ, ದಾರದ ಪುಟಿಯುವ ಗುಣ ಮತ್ತೆ ಬರುವುದಿಲ್ಲ. ಗಾಳಿಯನ್ನು ಹಿಡಿದಿಟ್ಟು ಬೆಚ್ಚಗಿಡಬೇಕಾದ ಉಬ್ಬು ಹೋಗಿ, ಅಂಚಿನುದ್ದಕ್ಕೂ ಮಿರುಗುವ ಗೆರೆ ಮೂಡಿ, ಬಟ್ಟೆ ಜೋಲುಬಿತ್ತು. ಅಣ್ಣ ಒಮ್ಮೆ ಸುತ್ತಿಕೊಂಡು ನೋಡಿ, "ಚೆನ್ನಾಗಿದೆ, ಆದರೆ ನಿಲ್ಲುವುದಿಲ್ಲವಲ್ಲ, ಜಾರುತ್ತದೆ" ಎಂದ. ಅವನ ಮಟ್ಟಿಗೆ ಅದು ಸೌಜನ್ಯದ ಮಾತು.

ಉಣ್ಣೆಯಾದರೆ ಒದ್ದೆ ಮಾಡಿ ಗುಂಡುಸೂಜಿ ಚುಚ್ಚಿ ಹರಡಿ ಒಣಗಿಸಬಹುದಲ್ಲ ಎಂದು ನಿಮಗೆ ಯಾರಾದರೂ ಹೇಳುತ್ತಾರೆ. ಹೌದು, ಉಣ್ಣೆ ಹಾಗೆ ಒಂದಷ್ಟು ದಿನ ಮಾತು ಕೇಳುತ್ತದೆ, ಬಳಸುತ್ತ ಬಂದಂತೆ ಸುರುಳಿ ಮರಳುತ್ತದೆ. ಅಂಚಿಗೆ ನಾಲ್ಕು ಕುಣಿಕೆಯ ಗಾರ್ಟರ್ ಪಟ್ಟಿ ಕೊಡಿ ಎನ್ನುವವರೂ ಇದ್ದಾರೆ. ಆ ಪಟ್ಟಿಯೂ ಬಟ್ಟೆಯ ಜೊತೆಗೇ ಹಿಂದಕ್ಕೆ ಮಡಚಿಕೊಳ್ಳುತ್ತದೆ.

ಇನ್ನು ಗಂಡಸರಿಗೆ ಒಪ್ಪುವ ವಿನ್ಯಾಸದ ಮಾತು. ಅಂತಹದೊಂದು ಇದೆ ಎಂಬುದನ್ನೇ ನಾನು ಒಪ್ಪುವುದಿಲ್ಲ. ಮಫ್ಲರನ್ನು ಎರಡು ಸುತ್ತು ಸುತ್ತಿ ತುದಿಯನ್ನು ಇಳಿಬಿಟ್ಟಾಗ ಅದರ ಹಿಂಭಾಗ ಜನರ ಕಣ್ಣಿಗೆ ಬಿದ್ದೇ ಬೀಳುತ್ತದೆ, ಸುತ್ತಿಕೊಂಡವರು ಕನ್ನಡಿಯ ಮುಂದೆ ನಿಂತು ಮುಖ ಯಾವುದು ಬೆನ್ನು ಯಾವುದು ಎಂದು ಹುಡುಕುವುದಿಲ್ಲ. ಆದ್ದರಿಂದ ಎರಡೂ ಕಡೆ ಒಂದೇ ತರಹ ಕಾಣುವ, ತಾನಾಗಿ ಚಪ್ಪಟೆಯಾಗಿ ನಿಲ್ಲುವ ಹೆಣಿಗೆ ಯಾವುದು ಎಂದು ಕೇಳಿ, ಸುತ್ತಿಕೊಳ್ಳುವವರು ಗಂಡಸೋ ಹೆಂಗಸೋ ಎಂಬುದು ಬಣ್ಣ ಆರಿಸುವಾಗ ನೋಡಿದರೆ ಸಾಕು.

ನಿಮಗೆ ಬರುವ ಎರಡೇ ಹೆಣಿಗೆಯಲ್ಲಿ ಇದಕ್ಕೆ ಉತ್ತರವಿದೆ. ಮಿಸ್ಟೇಕ್ ರಿಬ್ ಎನ್ನುತ್ತಾರೆ. ಒಟ್ಟು ಕುಣಿಕೆಗಳು ನಾಲ್ಕರ ಮಗ್ಗಿಯ ಒಂದು ಸಂಖ್ಯೆಗಿಂತ ಮೂರು ಹೆಚ್ಚಿರಬೇಕು. ನೀವು 43 ಏರಿಸಿಕೊಳ್ಳಿ. ಎರಡು ನಿಟ್, ಎರಡು ಪರ್ಲ್ ಎಂದು ಹೋಗುತ್ತ, ಕೊನೆಯ ಮೂರು ಕುಣಿಕೆ ಉಳಿದಾಗ ಎರಡು ನಿಟ್, ಒಂದು ಪರ್ಲ್ ಮಾಡಿ ತಿರುಗಿಸಿ. ಪ್ರತಿ ಸಾಲೂ ಇದೇ, ಆದ್ದರಿಂದ ಯಾವ ಸಾಲಿನಲ್ಲಿದ್ದೇನೆ ಎಂದು ಲೆಕ್ಕ ಇಡಬೇಕಾಗಿಲ್ಲ. ಒಂದು ಸಾಲಿನ ಜೋಡಿ ಮುಂದಿನ ಸಾಲಿನಲ್ಲಿ ಒಂದು ಕುಣಿಕೆ ಪಕ್ಕಕ್ಕೆ ಸರಿದು ಬೀಳುವುದರಿಂದ ಎದ್ದ ಗೆರೆಗಳ ನಡುವೆ ಸಣ್ಣ ಕಾಳುಕಾಳಾದ ಮೈ ಬರುತ್ತದೆ, ಎರಡೂ ಕಡೆ ಒಂದೇ ಸಮ. ನಿಟ್ ಪರ್ಲ್ ಒಂದನ್ನೊಂದು ಎದುರು ಹಿಡಿದು ನಿಲ್ಲುವುದರಿಂದ ಅಂಚು ಸುತ್ತಿಕೊಳ್ಳುವುದಿಲ್ಲ. ಗಾರ್ಟರ್ ಕೂಡ ಸುತ್ತಿಕೊಳ್ಳುವುದಿಲ್ಲ, ನಾನು ತಾತ್ಸಾರ ಮಾಡಿದ್ದು ಅದನ್ನೇ. ಆದರೆ ಭಾರಕ್ಕೆ ಉದ್ದಕ್ಕೆ ಜಗ್ಗುತ್ತದೆ, ಹಾಗಾಗಿ ರಿಬ್ಬಿಗೇ ನನ್ನ ಮತ.

ದಾರ ಮಧ್ಯಮ ದಪ್ಪದ್ದಿರಲಿ, ನೂರು ಗ್ರಾಮಿನ ಉಂಡೆಗೆ ಸುಮಾರು 200 ಮೀಟರ್ ಬರುವಂಥದ್ದು, ಕಡ್ಡಿ 5 ಮಿಲಿಮೀಟರಿನದು. ಅಗಲ 18ರಿಂದ 20 ಸೆಂಟಿಮೀಟರ್ ಬಂದರೆ ಸಾಕು. ಉದ್ದ ಸುತ್ತಿಕೊಳ್ಳುವವರ ಎತ್ತರಕ್ಕೆ ಹತ್ತಿರವಿರಲಿ. ಇಷ್ಟಕ್ಕೆ ಎರಡು ಉಂಡೆ ಸಾಲುವುದಿಲ್ಲ, ಮೂರನ್ನೂ ಒಟ್ಟಿಗೇ ಕೊಳ್ಳಿ, ಚೀಟಿಯ ಮೇಲಿನ ಬಣ್ಣದ ಲಾಟ್ ಸಂಖ್ಯೆ ಮೂರರಲ್ಲೂ ಒಂದೇ ಇದೆಯೇ ನೋಡಿ, ಇಲ್ಲದಿದ್ದರೆ ಅದೇ ಬಣ್ಣವೆಂದು ತಂದ ಉಂಡೆ ಹಗಲು ಬೆಳಕಿನಲ್ಲಿ ಬೇರೆ ಕಾಣುತ್ತದೆ. ಕೊಳ್ಳುವ ಮೊದಲು ದಾರವನ್ನು ಕೈಯಲ್ಲಿ ಹಿಸುಕಿ ತೀರ್ಮಾನಿಸಬೇಡಿ, ಗಂಟಲಿನ ಪಕ್ಕಕ್ಕೆ ಒತ್ತಿ ಹಿಡಿದು ನೋಡಿ: ಬೆರಳಿಗೆ ಮೆತ್ತಗೆನಿಸುವ ಎಷ್ಟೋ ಉಣ್ಣೆ ಕುತ್ತಿಗೆಗೆ ಚುಚ್ಚುತ್ತದೆ, ಕ್ಷೌರ ಮಾಡಿದ ಚರ್ಮಕ್ಕೆ ಇನ್ನೂ ಹೆಚ್ಚು. ಮೆರಿನೊ ತಳಿಯ ಕುರಿಯ ಉಣ್ಣೆಯ ಎಳೆ ಸಣ್ಣದಿರುವುದರಿಂದ ಆ ತೊಂದರೆ ಕಡಿಮೆ.

ಹೊಸ ಉಂಡೆಯನ್ನು ಸಾಲಿನ ನಡುವೆ ಅಲ್ಲ, ಅಂಚಿನಲ್ಲಿ ಸೇರಿಸಿ. ಎರಡು ಮುಖವಿರುವ ಬಟ್ಟೆಯಲ್ಲಿ ದಾರದ ತುದಿ ಬಚ್ಚಿಡಲು ಬೇರೆ ಜಾಗವಿಲ್ಲ. ಕೊನೆಯ ಸಾಲನ್ನು ನಿಟ್ ಇದ್ದಲ್ಲಿ ನಿಟ್, ಪರ್ಲ್ ಇದ್ದಲ್ಲಿ ಪರ್ಲ್ ಮಾಡುತ್ತಲೇ ಮುಚ್ಚಿ, ಕೈ ಬಿಗಿಯಾಗಿದ್ದರೆ ಆ ಸಾಲಿಗೆ ಮಾತ್ರ 6 ಮಿಲಿಮೀಟರಿನ ಕಡ್ಡಿ ಹಿಡಿಯಿರಿ. ಇಸ್ತ್ರಿಪೆಟ್ಟಿಗೆಯನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ.