ಮೂರು ಕಾದಂಬರಿ, ಒಂದೇ ಬೀಗದ ಕೈ

ಬರೆಯುವವರು ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದಾಗ ಹೆಚ್ಚಾಗಿ ಎರಡು ಭಯ ಹೊತ್ತು ಬರುತ್ತಾರೆ. ಹಳೆಯ ನೋವು ವಾಸಿಯಾದರೆ ಬರವಣಿಗೆ ನಿಂತುಹೋಗುತ್ತದೆ ಅನ್ನೋದು ಒಂದು. ವಾಸಿಯಾಗದಿದ್ದರೆ ಬರೆದದ್ದನ್ನೇ ಬರೆಯುತ್ತಾ ಕೂರಬೇಕಾಗುತ್ತದೆ ಅನ್ನೋದು ಇನ್ನೊಂದು. ನಾನು ಈಗ ಹೇಳಹೊರಟಿರುವ ಕಾದಂಬರಿಕಾರರಿಗೆ ಎರಡೂ ಇತ್ತು. ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ವಯಸ್ಸು ಐವತ್ತು ದಾಟಿದೆ. ಮೂರು ಕಾದಂಬರಿ ಬಂದಿವೆ, ನಾಲ್ಕನೆಯದು ಅರ್ಧಕ್ಕೆ ನಿಂತಿದೆ. ಅಪ್ಪ ಸಾಲ ಮಾಡಿ ಮನೆ ಬಿಟ್ಟು ಹೋದಾಗ ಇವರಿಗೆ ಒಂಬತ್ತು ವರ್ಷ. ಆಮೇಲೆ ಆರು ವರ್ಷ ದೊಡ್ಡಪ್ಪನ ಮನೆಯಲ್ಲಿದ್ದರು. ಹಸಿವಿತ್ತು, ಏಟೂ ಇತ್ತು.

ಮೊದಲ ಮೂರು ಭೇಟಿಯಲ್ಲಿ ಅವರು ಬಾಲ್ಯದ ಬಗ್ಗೆ ತುಂಬಾ ಚೆನ್ನಾಗಿ ಮಾತಾಡಿದರು. ಸಭೆಗಳಲ್ಲಿ ಹೇಳಿ ಹೇಳಿ ನುಣುಪಾದ ಮಾತು ಅದು. ನಾಲ್ಕನೇ ಸಲ ಬರುವಷ್ಟರಲ್ಲಿ ನಾನು ಅವರ ಮೂರೂ ಕಾದಂಬರಿ ಓದಿದ್ದೆ. ಮೂರರಲ್ಲೂ ಒಬ್ಬಳು ಹೆಂಗಸು ಬರುತ್ತಾಳೆ. ಹೆಸರು ಬೇರೆ ಬೇರೆ, ಆದರೆ ಸೊಂಟದಲ್ಲಿ ಬೀಗದ ಕೈ ಮಾತ್ರ ತಪ್ಪುವುದಿಲ್ಲ. ರಾತ್ರಿ ಅಡುಗೆಮನೆಗೆ ಬೀಗ ಹಾಕುತ್ತಾಳೆ. ಹುಡುಗ ಆ ಸದ್ದು ಕೇಳುತ್ತಾ ಹಸಿದು ಮಲಗುತ್ತಾನೆ.

“ಇವರು ನಿಮ್ಮ ದೊಡ್ಡಮ್ಮನಾ?” ಎಂದೆ.

“ಮತ್ಯಾರು ಮೇಡಂ?”

“ಅವರು ಬೀಗ ಹಾಕೋದನ್ನ ನೀವು ನೋಡಿದ್ರಾ?”

ತಟ್ಟನೆ ಉತ್ತರ ಬರಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಮತ್ತೆ ಒರೆಸಿದರು.

“ಬೀಗ ಹಾಕ್ತಿದ್ದಿದ್ದು ದೊಡ್ಡಪ್ಪ. ಅವರು ಮಲಗಿದ ಮೇಲೆ ದೊಡ್ಡಮ್ಮ ಬೀಗದ ಕೈ ತಂದು ನನ್ನ ತಲೆದಿಂಬಿನ ಕೆಳಗೆ ಇಡ್ತಿದ್ರು.”

ಅದನ್ನು ಯಾವ ಸಭೆಯಲ್ಲೂ ಹೇಳಿರಲಿಲ್ಲ, ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಮತ್ಯಾಕೆ ಆಕೆಯನ್ನೇ ಕೆಟ್ಟವಳಾಗಿ ಮಾಡಿದೆ ಅಂತ ಅವರೇ ಕೇಳಿಕೊಂಡರು. ನಾನು ಸುಮ್ನೆ ಇದ್ದೆ. ಆಮೇಲೆ ಹೇಳಿದರು: “ದೊಡ್ಡಪ್ಪ ಹೊಡೆದಾಗ ಸಿಟ್ಟು ಬರ್ತಿತ್ತು. ಆ ಬೀಗದ ಕೈ ಮುಟ್ಟಿದಾಗ ನಾಚಿಕೆ ಆಗ್ತಿತ್ತು. ನಾನು ಹಸಿದಿದ್ದೀನಿ ಅನ್ನೋದು ಒಬ್ಬರಿಗೆ ಗೊತ್ತಿದೆಯಲ್ಲ ಅಂತ.”

ಆಗ ನಾನು ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ವಿಷಯ ತೆಗೆದೆ. 1824ರಲ್ಲಿ ಅಪ್ಪ ಸಾಲಕ್ಕಾಗಿ ಮಾರ್ಷಲ್‌ಸೀ ಜೈಲಿನಲ್ಲಿದ್ದಾಗ, 12 ವರ್ಷದ ಹುಡುಗ ಲಂಡನ್ನಿನ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಅಲ್ಲಿ ಬಾಬ್ ಫೇಗಿನ್ ಅನ್ನೋ ಹುಡುಗ ಇವನಿಗೆ ಪಕ್ಕೆನೋವು ಬಂದಾಗ ಬಿಸಿನೀರಿನ ಬಾಟಲಿಗಳಿಂದ ಕಾವು ಕೊಟ್ಟ. ಸಂಜೆ ಮನೆವರೆಗೂ ಬಿಡುತ್ತೇನೆ ಅಂತ ಜೊತೆಗೇ ಹೊರಟ. ಜೈಲಿನ ವಿಷಯ ಗೊತ್ತಾಗಬಾರದು ಅಂತ ಡಿಕನ್ಸ್ ಯಾರದ್ದೋ ಮನೆಯ ಮೆಟ್ಟಿಲ ಮೇಲೆ ನಿಂತು, ಇದೇ ನನ್ನ ಮನೆ ಅನ್ನೋ ಹಾಗೆ ನಟಿಸಿದ. ಮುಂದೆ ‘ಆಲಿವರ್ ಟ್ವಿಸ್ಟ್’ ಕಾದಂಬರಿಯಲ್ಲಿ ಮಕ್ಕಳಿಂದ ಕಳ್ಳತನ ಮಾಡಿಸುವ ಮುದುಕನಿಗೆ ಇಟ್ಟ ಹೆಸರು ಫೇಗಿನ್.

ಅವರು ತುಂಬಾ ಹೊತ್ತು ಮಾತಾಡಲಿಲ್ಲ.

ನಾನು ಕೊಟ್ಟ ಸಲಹೆ ಇಷ್ಟೇ. ನಾಲ್ಕು ದಿನ, ದಿನಕ್ಕೆ 15 ನಿಮಿಷ, ಆ ರಾತ್ರಿಗಳ ಬಗ್ಗೆ ಬರೆಯಿರಿ. ಕೊನೆಯ ದಿನ ದೊಡ್ಡಮ್ಮನ ಕಡೆಯಿಂದ ಬರೆಯಿರಿ. ಯಾರಿಗೂ ತೋರಿಸಬೇಡಿ, ಕಾದಂಬರಿಗೂ ಸೇರಿಸಬೇಡಿ. ನಾಲ್ಕು ದಿನದ ಲೆಕ್ಕ ಮನಶ್ಶಾಸ್ತ್ರಜ್ಞ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಅಧ್ಯಯನದ್ದು. ಹಾಗೆ ಬರೆದವರಿಗೆ ಆ ಕ್ಷಣಕ್ಕೆ ದುಃಖ ಜಾಸ್ತಿಯಾಗಿತ್ತು, ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋಗುವುದು ಕಡಿಮೆಯಾಗಿತ್ತು. ಮೊದಲು ಭಾರ ಅನಿಸುತ್ತದೆ ಅಂತ ಅವರಿಗೂ ಎಚ್ಚರಿಸಿದ್ದೆ. ತಡೆಯಲಾಗದಿದ್ದರೆ ಅಲ್ಲಿಗೇ ನಿಲ್ಲಿಸಿ ಫೋನ್ ಮಾಡಿ ಎಂದೂ ಹೇಳಿದ್ದೆ.

ಇದನ್ನು ಕೇಳಿ ಒಬ್ಬ ಸಹೋದ್ಯೋಗಿ ಬೇಜಾರು ಮಾಡಿಕೊಂಡರು. ಆ ಗಾಯವೇ ಅವರ ಬಂಡವಾಳ, ಅದನ್ನು ಯಾಕೆ ಕೆದಕಿದಿರಿ ಅಂದರು. ನಾನು ಒಪ್ಪುವುದಿಲ್ಲ. ಹಳೆಯ ಪುಸ್ತಕಗಳನ್ನು ತಿದ್ದಿ ಅಂತ ನಾನು ಹೇಳಿಲ್ಲ. ಕಾದಂಬರಿಯ ಪಾತ್ರ ಸಾಕ್ಷಿ ಹೇಳಬೇಕಾಗಿಲ್ಲ, ಅದು ಹೇಗೆ ಬೇಕಾದರೂ ಇರಲಿ. ಆದರೆ ಬರೆದವರು ಆ ಪಾತ್ರವನ್ನೇ ನೆನಪು ಅಂದುಕೊಂಡು ಬದುಕಿದರೆ, ಬಾಲ್ಯದಲ್ಲಿ ಸಿಕ್ಕ ಒಂದು ಒಳ್ಳೆಯ ಕೈಯೂ ಕಳೆದುಹೋಗುತ್ತದೆ. ಕಷ್ಟಪಟ್ಟು ಬೆಳೆದವರಿಗೆ ಅಂಥ ಕೈಗಳು ಸಿಗುವುದೇ ಕಡಿಮೆ ಅಲ್ವಾ?

ಐದನೇ ಭೇಟಿಗೆ ಬಂದಾಗ ನಾಲ್ಕನೇ ದಿನ ಮೂರೇ ಸಾಲು ಬರೆದೆ ಎಂದರು. ನಾನು ತೋರಿಸಿ ಅನ್ನಲಿಲ್ಲ. ಅವರೇ ಒಂದು ಮಾತು ಹೇಳಿದರು: “ನಾನು ಎದ್ದು ಉಂಡೆನೋ ಇಲ್ಲವೋ ಅಂತ ಕೇಳಿಸಿಕೊಳ್ಳೋಕೆ ದೊಡ್ಡಮ್ಮನೂ ಎಚ್ಚರ ಇರ್ತಿದ್ರು ಅನ್ಸುತ್ತೆ ಮೇಡಂ.”