ಕಿವಿಹಾಲೆ ಬಿಡಿ, ಹುಣಸೆ ಬೀಜ ಹಿಡಿಯಿರಿ

ಪತ್ರದ ಸಾರ: ಹಾಸನ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕಿ ಬರೆದಿದ್ದಾರೆ. "ನೀವು ಪ್ರಕಟಿಸಿದ ‘ಜೀವಶಾಸ್ತ್ರ ಕಲಿಸಲು ಇಪ್ಪತ್ತು ಜಾಲತಾಣಗಳು’ ಪಟ್ಟಿಯಿಂದ ಒಂದು ಹಾಳೆ ಇಳಿಸಿಕೊಂಡು ಹತ್ತನೇ ತರಗತಿಗೆ ಹಂಚಿದೆ. ಬಿಡಿ ಕಿವಿಹಾಲೆ ಪ್ರಬಲ, ಅಂಟಿದ ಕಿವಿಹಾಲೆ ದುರ್ಬಲ, ನಾಲಿಗೆ ಸುರುಳಿ ಸುತ್ತುವುದು ಪ್ರಬಲ ಎಂದು ಅದರಲ್ಲಿತ್ತು. ಮನೆಯವರನ್ನೆಲ್ಲ ನೋಡಿ ತುಂಬಿಕೊಂಡು ಬನ್ನಿ ಎಂದಿದ್ದೆ. ಮರುದಿನ ಒಬ್ಬ ಹುಡುಗಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಹಿಡಿದುಕೊಂಡು ಬಂದಳು. ಅಪ್ಪ ಅಮ್ಮ ಇಬ್ಬರದೂ ಅಂಟಿದ ಕಿವಿಹಾಲೆ, ಅವಳದು ಬಿಡಿ. ‘ಮಿಸ್, ಹಾಗಾದರೆ ನಾನು ಅವರ ಮಗಳಲ್ಲವೇ?’ ಎಂದಳು. ನನಗೆ ಉತ್ತರ ತೋಚಲಿಲ್ಲ. ಪಟ್ಟಿ ಕೊಟ್ಟವರು ನೀವು, ಉತ್ತರವನ್ನೂ ನೀವೇ ಕೊಡಿ. ನಿಜಕ್ಕೂ ಕೆಲಸಕ್ಕೆ ಬರುವ ತಾಣಗಳಿದ್ದರೆ ಎರಡು ಮೂರು ಹೇಳಿ, ಇಪ್ಪತ್ತು ಬೇಡ. ನಮ್ಮಲ್ಲಿ ಒಂದು ಪ್ರೊಜೆಕ್ಟರ್ ಇದೆ. ಇಂಟರ್‌ನೆಟ್ ಬಂದ ದಿನ ಬಂತು, ಬಾರದ ದಿನ ಇಲ್ಲ."

ಮೇಡಂ,

ಮೊದಲು ಆ ಹುಡುಗಿಗೆ ಉತ್ತರ, ಆಮೇಲೆ ನಿಮಗೆ. ಯಾರು ಯಾರ ಮಗಳು ಎಂದು ಹೇಳುವ ಯೋಗ್ಯತೆ ಕಿವಿಹಾಲೆಗೆ ಇಲ್ಲ. ಇದನ್ನು ಅವಳೊಬ್ಬಳನ್ನೇ ಪಕ್ಕಕ್ಕೆ ಕರೆದು ಹೇಳಬೇಡಿ, ಇಡೀ ತರಗತಿಯ ಮುಂದೆ ಹೇಳಿ. ಲೆಕ್ಕ ಕೂಡದೆ ಹೋದದ್ದು ಅವಳೊಬ್ಬಳಿಗೇ ಇರಲಾರದು. ಅವಳು ಬಾಯಿ ಬಿಟ್ಟು ಕೇಳಿದಳು, ಉಳಿದವರು ಹಾಳೆಯನ್ನು ಚೀಲದಲ್ಲಿ ಮುಚ್ಚಿಟ್ಟಿರುತ್ತಾರೆ, ಅಥವಾ ಅಪ್ಪನ ಕಿವಿಯನ್ನು ತಿದ್ದಿ ಬರೆದಿರುತ್ತಾರೆ.

ಹಾಳೆಯ ಲೆಕ್ಕ ಇಷ್ಟೇ: ಪ್ರಬಲ ಗುಣದ ವಂಶವಾಹಿ (ಜೀನ್) ಒಂದಿದ್ದರೂ ಆ ಗುಣ ಕಾಣುತ್ತದೆ, ದುರ್ಬಲ ಗುಣ ಕಾಣಲು ಅದು ಅಪ್ಪ ಅಮ್ಮ ಇಬ್ಬರಿಂದಲೂ ಬರಬೇಕು. ಹಾಗಾಗಿ ಅಂಟಿದ ಕಿವಿಹಾಲೆಯ ಇಬ್ಬರಿಗೆ ಬಿಡಿ ಕಿವಿಹಾಲೆಯ ಮಗು ಹುಟ್ಟುವಂತಿಲ್ಲ. ಆದರೆ ಕಿವಿಹಾಲೆಯಲ್ಲಿ ಬಿಡಿ, ಅಂಟು ಎಂಬ ಎರಡೇ ಜಾತಿಗಳಿಲ್ಲ. ಪೂರ್ತಿ ಅಂಟಿದ್ದರಿಂದ ಪೂರ್ತಿ ಜೋತುಬಿದ್ದದ್ದರವರೆಗೆ ಎಲ್ಲ ಅಳತೆಯವೂ ಇವೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ 74,000ಕ್ಕೂ ಹೆಚ್ಚು ಜನರ ಡಿಎನ್‌ಎ ನೋಡಿ, ಕಿವಿಹಾಲೆಯ ಆಕಾರದ ಜೊತೆ ನಂಟಿರುವ 49 ಜಾಗಗಳನ್ನು ಗುರುತಿಸಿತು. ಇಷ್ಟು ಕೈಗಳು ಸೇರಿ ಮಾಡಿದ ಅಡುಗೆಗೆ ಒಂದೇ ಜೋಡಿ ವಂಶವಾಹಿಯ ಲೆಕ್ಕ ಹಾಕಿದರೆ ಅದು ಕೂಡುವುದು ಹೇಗೆ?

ನಾಲಿಗೆಯ ಕತೆ ಇನ್ನೂ ಸ್ವಾರಸ್ಯವಾಗಿದೆ. ಅದನ್ನು ಶುರುಮಾಡಿದವರು ಸಾಮಾನ್ಯರಲ್ಲ, ಆಲ್ಫ್ರೆಡ್ ಸ್ಟರ್ಟೆವೆಂಟ್. ವಿದ್ಯಾರ್ಥಿಯಾಗಿದ್ದಾಗಲೇ, 1913ರಲ್ಲಿ, ವರ್ಣತಂತುವಿನ ಮೇಲೆ ವಂಶವಾಹಿಗಳ ಮೊದಲ ನಕ್ಷೆ ಪ್ರಕಟಿಸಿದವರು. 1940ರಲ್ಲಿ ಅವರು ನಾಲಿಗೆ ಸುತ್ತುವ ಗುಣ ಪ್ರಬಲವಿರಬಹುದು ಎಂದು ಬರೆದರು. ಸುತ್ತಲಾರದ ತಂದೆತಾಯಿಗೆ ಸುತ್ತಬಲ್ಲ ಮಕ್ಕಳು ಇದ್ದದ್ದು ಅದೇ ಲೇಖನದ ಅಂಕಿಗಳಲ್ಲೇ ಇತ್ತು. 1952ರಲ್ಲಿ ಇನ್ನೊಬ್ಬರು 33 ಜೋಡಿ ತದ್ರೂಪಿ ಅವಳಿಗಳನ್ನು ಕೂರಿಸಿ ನೋಡಿದರೆ, 7 ಜೋಡಿಗಳಲ್ಲಿ ಒಬ್ಬರು ಸುತ್ತುತ್ತಾರೆ, ಇನ್ನೊಬ್ಬರಿಗೆ ಬರುವುದಿಲ್ಲ! ವಂಶವಾಹಿಗಳೆಲ್ಲ ಒಂದೇ ಆದವರಲ್ಲಿ ಹೀಗಾದರೆ ಆ ಸರಳ ನಿಯಮ ಅಲ್ಲಿಗೆ ಮುಗಿಯಿತು. ಇದಿನ್ನೂ ಪುಸ್ತಕಗಳಲ್ಲಿ ಸಿದ್ಧ ಉದಾಹರಣೆಯಾಗಿ ಉಳಿದಿರುವುದು ನೋಡಿ ಮುಜುಗರವಾಗುತ್ತದೆ ಎಂದು ಸ್ಟರ್ಟೆವೆಂಟರೇ 1965ರಲ್ಲಿ ಬರೆದರು. ಅವರು ತೀರಿಕೊಂಡು ಅರ್ಧ ಶತಮಾನ ದಾಟಿದೆ, ಹಾಳೆ ಮಾತ್ರ ಹಾಸನ ಜಿಲ್ಲೆಗೂ ಬಂದು ಮುಟ್ಟಿದೆ.

ಈ ಬಗೆಯ ಕಟ್ಟುಕತೆಗಳನ್ನೆಲ್ಲ ಒಂದೊಂದಾಗಿ ಹಿಡಿದು, ಮೂಲ ಅಂಕಿಗಳ ಸಮೇತ ಬಿಚ್ಚಿಡುವ ತಾಣವೊಂದಿದೆ. ಡೆಲಾವೇರ್ ವಿಶ್ವವಿದ್ಯಾಲಯದ ಜಾನ್ ಮೆಕ್‌ಡೊನಾಲ್ಡ್ ಮಾಡಿದ ‘ಮಿಥ್ಸ್ ಆಫ್ ಹ್ಯೂಮನ್ ಜೆನೆಟಿಕ್ಸ್’. ಚಿತ್ರಗಳ ವೈಭವವಿಲ್ಲ, ಬರೀ ಬರಹ. ನಮ್ಮ ಇಪ್ಪತ್ತರ ಪಟ್ಟಿಯಲ್ಲಿ ಅದು ಮೊದಲನೆಯದಾಗಿ ಇರಬೇಕಿತ್ತು. ಪಟ್ಟಿಯಲ್ಲೇ ಇರಲಿಲ್ಲ.

ಪಟ್ಟಿ ಹೇಗೆ ತಯಾರಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಪುಟ ತುಂಬಬೇಕಿತ್ತು. ಒಬ್ಬರು ಹುಡುಕಿದರು, ಇನ್ನೊಬ್ಬರು ಕೊಂಡಿಗಳು ತೆರೆಯುತ್ತವೆಯೇ ಎಂದು ಒತ್ತಿ ನೋಡಿದರು, ನಾನು ಅಕ್ಷರದೋಷ ತಿದ್ದಿ ಅಚ್ಚಿಗೆ ಕಳಿಸಿದೆ. ಒಳಗೇನಿದೆ ಎಂದು ಮೂವರಲ್ಲಿ ಒಬ್ಬರೂ ಓದಲಿಲ್ಲ. ನಿಮ್ಮ ಹುಡುಗಿ ಓದಿದಳು. ಅವಳಲ್ಲಿ ಕ್ಷಮೆ ಕೇಳುತ್ತೇನೆ, ನಿಮ್ಮಲ್ಲೂ.

ಆದರೆ ಎಲ್ಲವನ್ನೂ ಜಾಲತಾಣದ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ಅನುವಂಶೀಯತೆಯ ಅಧ್ಯಾಯದಲ್ಲೂ ಈ ಚಟುವಟಿಕೆ ಇದೆ. ತರಗತಿಯ ಮಕ್ಕಳ ಕಿವಿ ನೋಡಿ, ತಂದೆತಾಯಿಯ ಕಿವಿಯ ಜೊತೆ ತಾಳೆ ಹಾಕಿ, ನಿಯಮವೊಂದನ್ನು ಸೂಚಿಸಿ ಎನ್ನುತ್ತದೆ. ನಿಯಮ ಸಿಗದೇ ಹೋದರೆ ಏನು ಮಾಡಬೇಕೆಂದು ಮಾತ್ರ ಹೇಳುವುದಿಲ್ಲ. ನಾನು ನಿಮ್ಮ ಜಾಗದಲ್ಲಿದ್ದರೆ ತಂದೆತಾಯಿಯನ್ನು ಅದರಿಂದ ಹೊರಗಿಡುತ್ತಿದ್ದೆ. ಮಕ್ಕಳನ್ನು ಕಿವಿಯ ಪ್ರಕಾರ ಎರಡು ಸಾಲು ಮಾಡಲು ಹೇಳಿ. ಐದು ನಿಮಿಷದಲ್ಲಿ ‘ಇವನು ಆ ಕಡೆಯೋ ಈ ಕಡೆಯೋ’ ಎಂದು ಜಗಳ ಶುರುವಾಗುತ್ತದೆ. ಆ ಜಗಳವೇ ಪಾಠ.

ಕಿವಿ ಬಿಟ್ಟು ರಕ್ತದ ಗುಂಪು ಹಿಡಿಯೋಣ ಎಂದು ನಿಮಗೆ ಅನಿಸಬಹುದು. ಬಟಾಣಿ ಬೆಳೆಸಿ ಅನುವಂಶೀಯತೆಯ ನಿಯಮ ಕಂಡುಕೊಂಡ ಪಾದ್ರಿ ಮೆಂಡೆಲ್, ಅವನ ನಿಯಮಕ್ಕೆ ಎಬಿಒ ಗುಂಪು ಚೆನ್ನಾಗಿಯೇ ಒಗ್ಗುತ್ತದೆ, ನಿಜ. ಆದರೆ 1952ರಲ್ಲಿ ಡಾ. ಭೇಂಡೆ ಮತ್ತು ಸಂಗಡಿಗರು ಮುಂಬೈಯಲ್ಲಿ ಗುರುತಿಸಿದ ‘ಬಾಂಬೆ’ ಗುಂಪು ಇದೆಯಲ್ಲ? ಮಾಮೂಲಿ ಪರೀಕ್ಷೆಯಲ್ಲಿ ‘ಒ’ ಎಂದು ಕಾಣುವ ಅಂಥವರಿಗೆ ‘ಎ’ ಅಥವಾ ‘ಬಿ’ ಮಕ್ಕಳು ಹುಟ್ಟಬಹುದು, ಪುಸ್ತಕದ ಲೆಕ್ಕ ಅಲ್ಲೂ ತಪ್ಪುತ್ತದೆ. ಜಗತ್ತಿನ ಬೇರೆ ಕಡೆಗಿಂತ ನಮ್ಮ ದೇಶದಲ್ಲೇ ಅದು ಹೆಚ್ಚು. ರಕ್ತದ ಗುಂಪನ್ನು ಪುಸ್ತಕದ ಕಾಲ್ಪನಿಕ ಕುಟುಂಬಗಳಲ್ಲಿ ಕಲಿಸಿ, ಮಕ್ಕಳ ಮನೆಗೆ ಕಳಿಸಬೇಡಿ.

ಹಾಗಾದರೆ ಮಕ್ಕಳ ಕೈಗೆ ಏನು ಕೊಡುವುದು? ಹುಣಸೆ ಬೀಜ. ನಮ್ಮ ಕಡೆ ಚೌಕಾಬಾರ ಆಡಲು ಬೀಜವನ್ನು ಕಲ್ಲಿಗೆ ತೇಯ್ದು ಒಂದು ಮಗ್ಗುಲು ಬಿಳಿ ಮಾಡಿಕೊಳ್ಳುತ್ತಾರಲ್ಲ, ಅದೇ. ಅಂಥ ಎರಡು ಬೀಜ ಸಾಕು. ಒಂದು ತಂದೆ ಗಿಡ, ಒಂದು ತಾಯಿ ಗಿಡ. ಕಂದು ಮಗ್ಗುಲು ಎಂದರೆ ಉರುಟು ಬಟಾಣಿಯ ವಂಶವಾಹಿ, ಬಿಳಿ ಎಂದರೆ ಸುಕ್ಕಿನದು. ಎರಡನ್ನೂ ಒಟ್ಟಿಗೆ ಎಸೆದಾಗ ಒಂದಾದರೂ ಕಂದು ಬಿದ್ದರೆ ಉರುಟು, ಎರಡೂ ಬಿಳಿಯಾದರೆ ಸುಕ್ಕು. ಲೆಕ್ಕದ ಪ್ರಕಾರ ಮೂರು ಉರುಟಿಗೆ ಒಂದು ಸುಕ್ಕು ಬರಬೇಕು. ನಿಮ್ಮ ಪತ್ರ ಬಂದ ದಿನ ನಾವು ಕಚೇರಿಯಲ್ಲಿ ಎಸೆದು ನೋಡಿದೆವು. ಮೊದಲ ಎಂಟು ಸಲ ಒಂದೂ ಸುಕ್ಕು ಬೀಳಲಿಲ್ಲ. ಒಂಬತ್ತು, ಹತ್ತು ಎರಡೂ ಸುಕ್ಕು. ಪುಟ ವಿನ್ಯಾಸ ಮಾಡುವ ಹುಡುಗ, "ಸಾರ್, ಮೂರಕ್ಕೆ ಒಂದು ಎಲ್ಲಿ?" ಎಂದ.

ಅದೇ ಪ್ರಶ್ನೆಯನ್ನು ನಿಮ್ಮ ಮಕ್ಕಳೂ ಕೇಳುತ್ತಾರೆ. ಆಗ ಪ್ರೊಜೆಕ್ಟರ್ ಹಾಕಿ ‘ಮೆಂಡೆಲ್‌ವೆಬ್’ ತೆರೆಯಿರಿ. 1866ರಲ್ಲಿ ಅಚ್ಚಾದ ಮೆಂಡೆಲನ ಲೇಖನ ಪೂರ್ತಿಯಾಗಿ, ಇಂಗ್ಲಿಷ್ ಅನುವಾದದಲ್ಲಿ ಅಲ್ಲಿದೆ. ಪಠ್ಯಪುಸ್ತಕಗಳು ಅದರಿಂದ 3:1 ಎಂಬ ಸಾರ ಹಿಂಡಿಕೊಂಡು ಸಿಪ್ಪೆ ಎಸೆದಿವೆ. ರುಚಿ ಇರುವುದು ಸಿಪ್ಪೆಯಲ್ಲಿ. 253 ಮಿಶ್ರತಳಿ ಗಿಡಗಳಿಂದ 7,324 ಬೀಜ. ಉರುಟು 5,474, ಸುಕ್ಕು 1,850. ಭಾಗಿಸಿದರೆ 2.96ಕ್ಕೆ 1. ಆಮೇಲೆ ಅವನೇ ಹೇಳುತ್ತಾನೆ: ಒಂದು ಗಿಡದಲ್ಲಿ 43 ಉರುಟು, ಎರಡೇ ಎರಡು ಸುಕ್ಕು. ಇನ್ನೊಂದರಲ್ಲಿ 14 ಉರುಟು, 15 ಸುಕ್ಕು. ಆ ಎರಡನೆಯ ಗಿಡವೊಂದನ್ನೇ ಎಣಿಸಿ ಎದ್ದಿದ್ದರೆ ಪಾದ್ರಿಗೆ ಯಾವ ನಿಯಮವೂ ಕಾಣುತ್ತಿರಲಿಲ್ಲ. ಈ ಎರಡು ಸಾಲನ್ನು ಕರಿಹಲಗೆಯ ಮೇಲೆ ಬರೆದು, ಪ್ರತಿ ಜೋಡಿ ಮಕ್ಕಳಿಂದ ಐವತ್ತು ಸಲ ಎಸೆಸಿ ಎಲ್ಲವನ್ನೂ ಕೂಡಿಸಿ.

ಒಂದು ಎಚ್ಚರಿಕೆ. ತೇಯ್ದ ಬೀಜ ನಾಣ್ಯದಷ್ಟು ನಿಷ್ಪಕ್ಷಪಾತಿಯಲ್ಲ, ಕೆಲವು ಒಂದೇ ಮಗ್ಗುಲಿಗೆ ಬೀಳುತ್ತವೆ. ಮೊದಲು ಒಂದೊಂದೇ ಬೀಜವನ್ನು ನೂರು ಸಲ ಎಸೆದು ನೋಡಲಿ. ಎರಡೂ ಮಗ್ಗುಲು ಸರಿಸುಮಾರು ಸಮ ಬಂದರೆ ಮಾತ್ರ ಅದು ಗಿಡವಾಗಲು ಅರ್ಹ. ಮೆಂಡೆಲನ ಲೆಕ್ಕ ನಿಂತಿರುವುದೂ ಆ ಸಮಪಾಲಿನ ಮೇಲೇ.

ಇನ್ನು ಬಟಾಣಿ ಸುಕ್ಕಾಗುವುದು ಏಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇದಕ್ಕೆ ಉತ್ತರ ಸಿಕ್ಕಿದ್ದು 1990ರಲ್ಲಿ, ಇಂಗ್ಲೆಂಡಿನ ನಾರಿಚ್‌ನಲ್ಲಿ. ಸಕ್ಕರೆಯಿಂದ ಕವಲೊಡೆದ ಪಿಷ್ಟ ಕಟ್ಟುವ ಒಂದು ಕಿಣ್ವವಿದೆ. ಅದರ ವಂಶವಾಹಿಯ ನಡುವೆ ಡಿಎನ್‌ಎಯ ಪರಕೀಯ ತುಣುಕೊಂದು ಬಂದು ಕೂತಿದೆ. ಕಿಣ್ವ ಕೈಕೊಟ್ಟಿತು, ಸಕ್ಕರೆ ಪಿಷ್ಟವಾಗದೆ ಉಳಿಯಿತು, ಸಕ್ಕರೆ ಹೆಚ್ಚಾದ ಕಾಳು ನೀರನ್ನೂ ಹೆಚ್ಚು ಎಳೆದುಕೊಂಡು ಉಬ್ಬಿತು, ಒಣಗುವಾಗ ಸಿಪ್ಪೆ ಸುಕ್ಕುಗಟ್ಟಿತು. ಸುಕ್ಕು ಬಟಾಣಿ ಸಿಹಿ ಇರುವುದೂ ಅದಕ್ಕೇ. ಬೀಜದಂಗಡಿಯಿಂದ ‘ಅರ್ಕೆಲ್’ ತಳಿಯ ಒಂದು ಪೊಟ್ಟಣ ತಂದು, ಕಿರಾಣಿ ಅಂಗಡಿಯ ಉರುಟು ಒಣ ಬಟಾಣಿಯ ಪಕ್ಕದಲ್ಲಿಡಿ. ಬಿತ್ತನೆ ಬೀಜಕ್ಕೆ ಔಷಧಿ ಸವರಿರುತ್ತಾರೆ, ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ.

ಈಗ ನೀವು ಕೇಳಿದ ತಾಣಗಳು. ಈ ಬಾರಿ ಕೂತು ನೋಡಿಯೇ ಹೇಳುತ್ತಿದ್ದೇನೆ.

ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ‘ಲರ್ನ್ ಡಾಟ್ ಜೆನೆಟಿಕ್ಸ್’ ನನ್ನ ಮೊದಲ ಆಯ್ಕೆ. ಅದರಲ್ಲಿ ಜೀವಕೋಶದ ಗಾತ್ರ ತೋರಿಸುವ ಒಂದು ಜಾರುಪಟ್ಟಿ ಇದೆ. ಕಾಫಿ ಬೀಜ, ಅಕ್ಕಿ ಕಾಳಿನಿಂದ ಹೊರಟು ಜಾರಿಸುತ್ತ ಹೋದರೆ ಕೆಂಪು ರಕ್ತಕಣ, ಬ್ಯಾಕ್ಟೀರಿಯಾ, ವೈರಸ್ ದಾಟಿ ಇಂಗಾಲದ ಪರಮಾಣುವಿನವರೆಗೆ ಇಳಿಯಬಹುದು. ಸಕಲೇಶಪುರದ ಕಡೆಯ ಮಕ್ಕಳಿಗೆ ಕಾಫಿ ಬೀಜದಿಂದ ಹೊರಡುವ ಪಾಠ ಬೇರೆಲ್ಲಿ ಸಿಕ್ಕೀತು? ಅದೇ ತಾಣದಲ್ಲಿ ಬಟಾಣಿ ಬೇಳೆಯಿಂದ ಡಿಎನ್‌ಎ ತೆಗೆಯುವ ವಿಧಾನವೂ ಇದೆ. ಬೇಳೆಯನ್ನು ಚಿಟಿಕೆ ಉಪ್ಪು, ತಣ್ಣೀರಿನ ಜೊತೆ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ಸೋಸಿದೆವು. ಪಾತ್ರೆ ತೊಳೆಯುವ ದ್ರವ ಎರಡು ಚಮಚ ಹಾಕಿ ಹತ್ತು ನಿಮಿಷ ಬಿಟ್ಟೆವು. ಅವರು ಮಾಂಸ ಮೆದು ಮಾಡುವ ಪುಡಿ ಹಾಕಿ ಎನ್ನುತ್ತಾರೆ, ನಾವು ಅನಾನಸ್ ರಸ ಹಾಕಿದೆವು, ಅದೂ ನಡೆಯುತ್ತದೆ. ಕೊನೆಗೆ ಲೋಟವನ್ನು ವಾಲಿಸಿ, ಫ್ರೀಜರಿನಲ್ಲಿಟ್ಟ ಸ್ಪಿರಿಟ್ಟನ್ನು ಗೋಡೆಗುಂಟ ಮೆಲ್ಲಗೆ ಇಳಿಬಿಡಬೇಕು. ಎರಡು ದ್ರವಗಳ ನಡುವಿನಿಂದ ಬಿಳಿ ಎಳೆಗಳು ಮೇಲೆದ್ದವು. ಊದುಬತ್ತಿಯ ಕಡ್ಡಿಗೆ ಸುತ್ತಿದರೆ ಮೂಗು ಸೋರಿದ ಹಾಗೆ ಜೋತುಬಿತ್ತು. ಹತ್ತಿರದಲ್ಲಿ ದೀಪ, ಬೆಂಕಿಕಡ್ಡಿ ಇರಬಾರದು. "ಸುರುಳಿ ಏಣಿ ಕಾಣುತ್ತಿದೆ ಮಿಸ್" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಾಣುವುದು ಕೋಟಿಗಟ್ಟಲೆ ಎಳೆಗಳ ಮುದ್ದೆ, ಅದರಲ್ಲಿ ಆರ್‌ಎನ್‌ಎ, ಪ್ರೋಟೀನ್ ಕೂಡ ಸೇರಿಕೊಂಡಿರುತ್ತವೆ.

ಎರಡನೆಯದು ಕೊಲರಾಡೊ ವಿಶ್ವವಿದ್ಯಾಲಯದ ‘ಫೆಟ್’. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರುಮಾಡಿದ್ದು. ನಿಮ್ಮ ಇಂಟರ್‌ನೆಟ್ ತಾಪತ್ರಯಕ್ಕೆ ಇದೇ ಮದ್ದು. ನೈಸರ್ಗಿಕ ಆಯ್ಕೆಯ ಮೊಲದ ಆಟವನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡರೆ ಸಂಪರ್ಕವಿಲ್ಲದೆಯೂ ಓಡುತ್ತದೆ. ಮೊಲಗಳಿಗೆ ಕಂದು ತುಪ್ಪಳ ಕೊಡಬಹುದು, ಉದ್ದ ಹಲ್ಲು ಕೊಡಬಹುದು, ತೋಳ ಬಿಡಬಹುದು. ಆದರೆ ಮಕ್ಕಳ ಕೈ ಮೊದಲು ಹೋಗುವುದು ತೋಳದ ಗುಂಡಿಗೇ. ಆಮೇಲೆ ಬಣ್ಣ ಬದಲಿಸಿ, ‘ತೋಳ ಬಂದದ್ದರಿಂದ ಮೊಲ ಕಂದಾಯಿತು’ ಎಂದು ಬರೆದುಕೊಳ್ಳುತ್ತಾರೆ. ತೋಳ ಬಣ್ಣ ತರುವುದಿಲ್ಲ, ಇರುವ ಬಣ್ಣಗಳಲ್ಲಿ ಆರಿಸುತ್ತದೆ ಅಷ್ಟೇ. ಅದಕ್ಕೇ ಮೊದಲು ಉತ್ಪರಿವರ್ತನೆ, ಎಂದರೆ ವಂಶವಾಹಿಯಲ್ಲಿ ತಾನಾಗಿ ಆಗುವ ಬದಲಾವಣೆ, ಬರಲಿ, ನಾಲ್ಕಾರು ತಲೆಮಾರು ತೋಳವಿಲ್ಲದೆ ಹೋಗಲಿ, ಆಮೇಲೆ ತೋಳ ಬರಲಿ.

ಮೂರನೆಯದು ‘ಬಯೋಇಂಟರ‍್ಯಾಕ್ಟಿವ್’, ಹೋವರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆಯದು, ಪೂರ್ತಿ ಉಚಿತ. ಕೆಂಪು ರಕ್ತಕಣಗಳು ಕುಡಗೋಲಿನಂತೆ ಬಾಗುವ ಆನುವಂಶಿಕ ಕಾಯಿಲೆಯಾದ ಕುಡಗೋಲು ಕಣ ರಕ್ತಹೀನತೆಗೂ ಮಲೇರಿಯಾಕ್ಕೂ ಇರುವ ನಂಟನ್ನು ಟೋನಿ ಆಲಿಸನ್ ಎಂಬ ವೈದ್ಯ ಪೂರ್ವ ಆಫ್ರಿಕದಲ್ಲಿ ಹೇಗೆ ಹಿಡಿದರು ಎಂಬ ಕಿರುಚಿತ್ರ ಅಲ್ಲಿದೆ. ಇಂಗ್ಲಿಷ್ ವೇಗ ಮಕ್ಕಳಿಗೆ ದಕ್ಕದು. ಸದ್ದು ಅಡಗಿಸಿ ನೀವೇ ಕನ್ನಡದಲ್ಲಿ ಹೇಳಿ, ಬೇಕಾದಲ್ಲಿ ನಿಲ್ಲಿಸಿ. ಇದು ದೂರದ ಕತೆಯಲ್ಲ, ನಮ್ಮ ರಾಜ್ಯದ ಬುಡಕಟ್ಟು ಹಾಡಿಗಳಲ್ಲೂ ಈ ಕಾಯಿಲೆ ಇದೆ. 2023ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ನಿರ್ಮೂಲನ ಯೋಜನೆಯಲ್ಲಿ ಕರ್ನಾಟಕವೂ ಸೇರಿದೆ. ಹಾಗಾಗಿ ‘ನಿಮ್ಮ ಮನೆಯಲ್ಲಿ ಯಾರಿಗಾದರೂ ಇದೆಯೇ’ ಎಂದು ತರಗತಿಯಲ್ಲಿ ಕೇಳಬೇಡಿ. ಕಿವಿಹಾಲೆಯ ಹಾಳೆ ಕಲಿಸಿದ್ದು ಅಷ್ಟು ಸಾಕು.

ಶಾಲಾ ಪಾಠಗಳ ಸರ್ಕಾರಿ ತಾಣ ದೀಕ್ಷಾ ನಿಮಗೆ ಗೊತ್ತೇ ಇದೆ. ಅಮೃತ ವಿಶ್ವವಿದ್ಯಾಪೀಠ ಮತ್ತು ಕೇಂದ್ರ ಸರ್ಕಾರದ ಗಣಕ ಸಂಸ್ಥೆ ಸಿ-ಡ್ಯಾಕ್ ಸೇರಿ ಮಾಡಿದ, ಪರದೆಯ ಮೇಲೇ ಪ್ರಯೋಗ ಮಾಡಿಸುವ ‘ಓಲ್ಯಾಬ್ಸ್’ ಪ್ರಯೋಗ ಪರೀಕ್ಷೆಯ ಹಿಂದಿನ ವಾರಕ್ಕೆ ಚೆನ್ನ. ಕನ್ನಡದಲ್ಲೇ ಬೇಕೆಂದರೆ ‘ಕೊಯರ್’ ಎಂದು ಕರೆಯುವ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣ ನೋಡಿ, ನಮ್ಮ ಶಿಕ್ಷಕರೇ ಬರೆದದ್ದು ಅಲ್ಲಿದೆ. ಒಂದೊಂದು ಪುಟ ಒಂದೊಂದು ಗುಣಮಟ್ಟದ್ದು, ಓದಿಯೇ ಬಳಸಿ.

ಇಪ್ಪತ್ತರ ಪಟ್ಟಿಯನ್ನು ಹಿಂತೆಗೆದುಕೊಂಡಿರುವುದಾಗಿ ಮುಂದಿನ ಸಂಚಿಕೆಯಲ್ಲಿ, ಪಟ್ಟಿ ಬಂದಿದ್ದ ಪುಟದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಪ್ರಕಟಿಸುತ್ತೇವೆ. ಹುಣಸೆ ಬೀಜದ ಎಣಿಕೆ ಮುಗಿದ ಮೇಲೆ ಎಲ್ಲ ಜೋಡಿಗಳ ಅಂಕಿಗಳನ್ನೂ ಕಳಿಸಿಕೊಡಿ. ಮೂರಕ್ಕೆ ಒಂದರಿಂದ ತೀರಾ ದೂರ ಹೋದ ಜೋಡಿಗಳದ್ದನ್ನು ಬಿಡಬೇಡಿ, ಅವನ್ನೇ ಮೊದಲು ಅಚ್ಚು ಹಾಕುತ್ತೇವೆ. ಆ ಹಳೆಯ ಹಾಳೆಯ ಪ್ರತಿಗಳು ಉಳಿದಿದ್ದರೆ ಎಸೆಯುವುದು ಬೇಡ, ಹಿಂಬದಿ ಖಾಲಿ ಇದೆ. ಐವತ್ತು ಎಸೆತದ ಗೀಟು ಹಾಕಲು ಜಾಗ ಸಾಲುತ್ತದೆ.

— ಸಂಪಾದಕ